ನೆರೆಯವರ ಮತನಿಷ್ಠೆ: ನಮ್ಮ ಸೀಮೆಯ ಕಥೋಲಿಕ ಕ್ರೈಸ್ತರು

(ಶ್ರೀಮಠದ ಮಹೋತ್ಸವದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಲೋಕವ್ಯವಹಾರವೇ ಪ್ರಧಾನವಾಗಿರುವ ಈ ಕಾಲದಲ್ಲಿ ಪರಂಪರಾಗತವಾದ ಮತಾಚಾರವು ಹೇಗೆ ಬಾಳೀತು ಎಂಬುದೇ ಈ ದಿನದ ಪ್ರಶ್ನೆ. ಇದಕ್ಕೆ ನಾನು ನಮ್ಮ ನೆರೆಯವರಾದ ಕಥೋಲಿಕ ಕ್ರೈಸ್ತರ ದೃಷ್ಟಾಂತವನ್ನು ಆರಿಸಿಕೊಂಡಿರುವುದು ಕೆಲವರಿಗೆ ಸೋಜಿಗವಾಗಬಹುದು. ನಾವು ಪಾಠಶಾಲೆಯಲ್ಲಿ ತರ್ಕವನ್ನು ಓದುವಾಗ ಗುರುಗಳು ಮೊದಲು ಕಲಿಸುತ್ತಿದ್ದುದು ಪೂರ್ವಪಕ್ಷವನ್ನು ಹೇಳುವ ಕ್ರಮವನ್ನು. ಅನ್ಯರ ಮಾತನ್ನು ಅದರ ಪೂರ್ಣಬಲದೊಡನೆ ಹೇಳಲಾರದವನು ಸ್ವಮತವನ್ನು ಹೇಳುವುದಕ್ಕೂ ಅಧಿಕಾರಿಯಲ್ಲವೆಂಬುದು ಅವರ ನಿಲುವು. ಇಲ್ಲಿ ಖಂಡನೆಗಾಗಲಿ ಮಂಡನೆಗಾಗಲಿ ಅವಕಾಶವಿಲ್ಲ. ಒಂದೇ ಮಣ್ಣಿನಲ್ಲಿ ರಾಗಿ ಬೆಳೆದು, ಒಂದೇ ಸಂತೆಗೆ ಹೋಗಿಬರುವ ಜನರು ತಮ್ಮ ನಿಷ್ಠೆಯನ್ನು ಹೇಗೆ ಕಾಪಾಡಿಕೊಂಡರು ಎಂಬುದನ್ನು ತಿಳಿದರೆ ನಮಗೆ ಪ್ರಯೋಜನವುಂಟೆಂದು ನಂಬಿ ಹೊರಟಿದ್ದೇನೆ.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿ ದೇಶದ ಯೇಸುಸಭೆಯ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದು, ಸಂನ್ಯಾಸಿಗಳಂತೆ ಉಡುಪು ಧರಿಸಿ, ಕನ್ನಡವನ್ನು ಕಲಿತು ಮತಬೋಧೆ ಮಾಡಿದನು. ನಮ್ಮ ಮೂಡಣ ಸೀಮೆಗೆ ಈ ಮತವು ಬಂದುದು ಬೇರೊಂದು ದಾರಿಯಿಂದ. ೧೭೦೨ರಲ್ಲಿ ವೆಲ್ಲೂರಿನ ಕಡೆಯಿಂದ ಬಂದ ಇಬ್ಬರು ಫ್ರೆಂಚ್ ಪಾದ್ರಿಗಳು ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರ ಮೊದಲಾದ ಸ್ಥಳಗಳಲ್ಲಿ ಪ್ರಾರ್ಥನಾಲಯಗಳನ್ನು ಸ್ಥಾಪಿಸಿದರೆಂದು ಮೈಸೂರು ಸಂಸ್ಥಾನದ ಗ್ಯಾಸೆಟಿಯರು ಹೇಳುತ್ತದೆ. ೧೭೭೩ರಲ್ಲಿ ಯೇಸುಸಭೆಯೇ ರದ್ದಾಯಿತು. ಅನಂತರ ಪ್ಯಾರಿಸ್ಸಿನ ವಿದೇಶ ಮಿಷನ್ನಿನವರು ಈ ಭಾರವನ್ನು ಹೊತ್ತರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ, ಯುದ್ಧಕಾಲದಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಬಂದವನು ಆಬೆ ದ್ಯುಬ್ವಾ. ಈತನು ಹಾಸನ ಸೀಮೆಯ ಸಾತಳ್ಳಿಯಲ್ಲಿ ಕ್ರೈಸ್ತರ ನೆಲೆಯನ್ನು ಏರ್ಪಡಿಸಿದನು. ಸಿಡುಬಿನ ಲಸಿಕೆಯನ್ನು ಹರಡಿದನು. ಈ ದೇಶದ ಜನರ ಆಚಾರವ್ಯವಹಾರಗಳ ಮೇಲೆ ಅವನ ಹೆಸರಿನಿಂದ ಪ್ರಸಿದ್ಧವಾದ ಗ್ರಂಥವೂ ಇದೆ. ಆದರೆ ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಅವನು ಅದೇ ವರುಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದುಗಳನ್ನು ಕ್ರೈಸ್ತಮತಕ್ಕೆ ತಿರುಗಿಸುವ ಕಾಲವು ಕಳೆದುಹೋಯಿತೆಂದು ನಿರಾಶೆಯಿಂದ ಬರೆದನು.

ಇದಾಗಿ ಅರ್ಧಶತಮಾನದಲ್ಲಿ ಬಂದುದು ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು. ೧೮೭೧ರ ಖಾನೇಸುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದಿತು; ೧೮೮೧ರ ಖಾನೇಸುಮಾರಿಯಲ್ಲಿ ಅದು ನಲವತ್ತೆರಡು ಲಕ್ಷಕ್ಕೆ ಇಳಿದಿದ್ದಿತು. ಎಂಟು ಲಕ್ಷಕ್ಕೂ ಮಿಕ್ಕ ಈ ಕೊರತೆಯಲ್ಲಿ ಎಷ್ಟು ಮನೆಗಳು ದೀಪವಿಲ್ಲದೆ ಹಾಳಾದುವೋ, ಎಷ್ಟು ಮಕ್ಕಳು ತಬ್ಬಲಿಗಳಾದುವೋ ಊಹಿಸಿಕೊಳ್ಳಿರಿ. ಆಗ ಕಥೋಲಿಕ ಪಾದ್ರಿಗಳು ಕ್ಷಾಮದ ಅನಾಥ ಮಕ್ಕಳಿಗಾಗಿ ಬೇಸಾಯದ ಜಮೀನುಗಳನ್ನು ಏರ್ಪಡಿಸಿ, ಅವುಗಳಿಗೆ ಹೊಂದಿಕೊಂಡಂತೆ ಕ್ರೈಸ್ತಗ್ರಾಮಗಳನ್ನು ಕಟ್ಟಿದರು. ಹಳೆಯ ಗ್ಯಾಸೆಟಿಯರಿನಲ್ಲಿ ಅಂಥ ಮೂರು ಗ್ರಾಮಗಳ ಹೆಸರಿದೆ: ನೆಲಮಂಗಲ ತಾಲ್ಲೂಕಿನ ಸಿಲುವೇಪುರ, ದೊಡ್ಡಬಳ್ಳಾಪುರ ತಾಲ್ಲೂಕಿನ ನಾಗೇನಹಳ್ಳಿ, ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರ, ತಾಲ್ಲೂಕಿನ ಮರಿಯಾಪುರ. ಸಿಲುವೆ ಎಂದರೆ ಶಿಲುಬೆ. ಹೆಸರಘಟ್ಟದ ಸಮೀಪದ ಆ ಊರು ಈಗಲೂ ಆ ಹೆಸರನ್ನೇ ಹೊತ್ತಿದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಹಸಿದವನಿಗೆ ಗಂಜಿಯನ್ನು ಕೊಟ್ಟು ಮತವನ್ನೂ ಕೊಡುವುದು ನ್ಯಾಯವೆ? ಹಸಿವಿನಿಂದ ಕಂಗೆಟ್ಟ ಬಾಲಕನಿಗೆ ಆಯ್ಕೆಯೆಂಬುದಿತ್ತೆ? ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಬಲವಿದೆ. ಆದರೆ ಅದರಿಂದ ಮತವು ಬಂದ ಬಗೆಯು ತಿಳಿಯುವುದೇ ಹೊರತು ಉಳಿದ ಬಗೆಯು ತಿಳಿಯುವುದಿಲ್ಲ. ಕ್ಷಾಮವು ಹೋಯಿತು, ಕೆರೆ ತುಂಬಿತು, ಕಣಜ ತುಂಬಿತು. ಗಂಜಿಯ ಅವಶ್ಯಕತೆಯು ತೀರಿತು. ಅನಂತರ ದೇಶವು ಸ್ವತಂತ್ರವಾಯಿತು. ಫ್ರೆಂಚ್ ಪಾದ್ರಿಗಳ ಕಾಲವು ಮುಗಿದು ಈ ನಾಡಿನವರೇ ಗುರುಗಳೂ ಧರ್ಮಾಧ್ಯಕ್ಷರೂ ಆದರು. ಲಾಭವೇ ಕಾರಣವಾಗಿದ್ದರೆ, ಲಾಭವು ತೀರಿದೊಡನೆ ಮತವೂ ತೀರಬೇಕಾಗಿತ್ತು. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಮೇರೆಗೆ, ಕ್ರೈಸ್ತಮತದಲ್ಲಿರುವ ದಲಿತಮೂಲದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವೂ ದೊರೆಯದು. ಹೀಗೆ ಲೌಕಿಕದಲ್ಲಿ ನಷ್ಟವನ್ನೇ ಹೊಂದಿದವರೂ ಆ ಮತದಲ್ಲಿಯೇ ನಿಂತಿದ್ದಾರೆ. ಇದಕ್ಕೆ ಕಾರಣವನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಅದು ಭಾಷೆಯೋ? ಅಲ್ಲ. ೧೫೭೦ರ ಪೂಜಾಗ್ರಂಥದ ಕ್ರಮವನ್ನನುಸರಿಸಿ ಸುಮಾರು ನಾನ್ನೂರು ವರ್ಷ ಅವರ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿಯೇ ನಡೆಯಿತು. ಪಾದ್ರಿಗಳು ಕನ್ನಡವನ್ನು ಅಲಕ್ಷಿಸಿದರೆಂದಲ್ಲ. ೧೮೬೧ರಲ್ಲಿಯೇ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟೊಂದನ್ನು ಅವರು ಅಚ್ಚು ಹಾಕಿಸಿದರು. ಉಪದೇಶ, ಜಪ, ಕೀರ್ತನೆಗಳೆಲ್ಲ ಜನರ ಭಾಷೆಯಲ್ಲಿದ್ದುವು. ಪೂಜಾಮಂತ್ರ ಮಾತ್ರ ಲ್ಯಾಟಿನ್. ೧೯೬೨ರಿಂದ ೧೯೬೫ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಬಾಗಿಲನ್ನು ತೆರೆಯಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿಯೇ ಅಮಲೋರ್ಪವದಾಸ್ ಎಂಬ ಗುರುಗಳು ಒಂದು ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿದರು. ೧೯೬೯ರಲ್ಲಿ ಆರತಿ, ಅಂಜಲಿ, ನೆಲದ ಮೇಲೆ ಕುಳಿತು ಪೂಜಿಸುವುದು ಮೊದಲಾದ ಹನ್ನೆರಡು ದೇಶೀಯ ಕ್ರಮಗಳಿಗೆ ರೋಮಿನ ಒಪ್ಪಿಗೆಯು ದೊರೆಯಿತು.

ಈ ಬದಲಾವಣೆಯು ನಿರ್ವಿವಾದವಾಗಿ ನಡೆಯಲಿಲ್ಲ. ಹಳೆಯ ಲ್ಯಾಟಿನ್ ಪೂಜೆಯೇ ಶುದ್ಧವಾದುದೆಂದು ಹಟ ಹಿಡಿದವರು ಯೂರೋಪಿನಲ್ಲಿ ಹಲವರಿದ್ದರು. ಅವರ ಸಲುವಾಗಿ ೨೦೦೭ರಲ್ಲಿ ಹದಿನಾರನೆಯ ಬೆನೆಡಿಕ್ಟರು ಹಳೆಯ ಕ್ರಮಕ್ಕೆ ಹೆಚ್ಚಿನ ಅವಕಾಶವನ್ನಿತ್ತರು. ೨೦೨೧ರಲ್ಲಿ ಫ್ರಾನ್ಸಿಸರು ಅದನ್ನು ಮತ್ತೆ ಬಿಗಿಗೊಳಿಸಿದರು. ನಮ್ಮ ಬೆಂಗಳೂರು ಸೀಮೆಯ ಜಗಳವು ಬೇರೆ ಬಗೆಯದು: ದೇವಾಲಯದಲ್ಲಿ ಕನ್ನಡಕ್ಕೆಷ್ಟು ಸ್ಥಾನ, ತಮಿಳಿಗೆಷ್ಟು ಸ್ಥಾನ ಎಂಬುದು. ಜಾತಿಯ ತಾರತಮ್ಯವೂ ಆ ಸಮಾಜವನ್ನು ಬಿಟ್ಟಿಲ್ಲವೆಂದು ಅವರಲ್ಲಿಯ ವಿಚಾರವಂತರೇ ವ್ಯಥೆಪಡುತ್ತಾರೆ. ಅವರದು ದೋಷರಹಿತವಾದ ಸಮಾಜವೆಂದು ನಾನು ಹೇಳಹೊರಟಿಲ್ಲ.

ಈ ಸೀಮೆಯ ವೃದ್ಧ ಕಥೋಲಿಕ ರೈತರೊಬ್ಬರನ್ನು ನಾನೊಮ್ಮೆ ಕೇಳಿದೆನು: “ಅರ್ಥವಾಗದ ಲ್ಯಾಟಿನ್ ಪೂಜೆಯಲ್ಲಿ ನೀವು ಚಿಕ್ಕಂದಿನಲ್ಲಿ ಏನು ಮಾಡುತ್ತಿದ್ದಿರಿ?” ಅವರು ನಕ್ಕು, “ಅಯ್ನೋರೇ, ಗುರುಗಳು ಅವರ ಪಾಡಿಗೆ ಪೂಜೆ ಮಾಡೋರು, ನಾವು ಜಪಸರ ಹಿಡ್ಕೊಂಡು ಕನ್ನಡದಲ್ಲಿ ಜಪ ಮಾಡ್ತಿದ್ವಿ. ಮನೇಲಿ ಸಂಜೆ ಅದೇ ಜಪ. ಜಪ ಮುಗೀದೆ ನಮ್ಮವ್ವ ಮುದ್ದೆ ಇಕ್ಕುತಾ ಇರಲಿಲ್ಲ” ಎಂದರು. ನನ್ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ನನಗೆ ಯಾವ ಗ್ರಂಥದಲ್ಲಿಯೂ ದೊರೆಯಲಿಲ್ಲ.

ಆ ಮನೆಯ ಜಪವನ್ನು ಸ್ವಲ್ಪ ವಿವರಿಸುತ್ತೇನೆ. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಭಾಗಗಳಿರುತ್ತವೆ. ಒಂದೊಂದು ಮಣಿಗೂ ದೇವಮಾತೆಯನ್ನು ಕುರಿತ ಒಂದು ಪ್ರಾರ್ಥನೆ. ಹತ್ತಕ್ಕೊಮ್ಮೆ ಪರಲೋಕದ ತಂದೆಯನ್ನು ಕುರಿತ ಪ್ರಾರ್ಥನೆ. ಒಬ್ಬರು ಅರ್ಧವನ್ನು ಹೇಳಿದರೆ ಮಿಕ್ಕವರು ಉಳಿದರ್ಧವನ್ನು ಹೇಳಿ ಮುಗಿಸುತ್ತಾರೆ. ಓದುಬರಹವಿಲ್ಲದ ಅಜ್ಜಿಯೂ ಮಾತು ಬಾರದ ಮಗುವಿಗೆ ಇದನ್ನು ಕಲಿಸಬಲ್ಲಳು. ಗುರುವು ತಿಂಗಳಿಗೊಮ್ಮೆ ಊರಿಗೆ ಬಂದರೂ ಇದು ನಿಲ್ಲುವುದಿಲ್ಲ. ಇದರೊಡನೆ ವರ್ಷದ ಕಾಲಕ್ರಮವೊಂದಿದೆ. ವಿಭೂತಿ ಬುಧವಾರದಂದು ಹಣೆಗೆ ಬೂದಿಯನ್ನು ಧರಿಸಿ, ನೀನು ಮಣ್ಣೆಂಬುದನ್ನು ನೆನೆಯೆಂಬ ಉಪದೇಶವನ್ನು ಕೇಳುತ್ತಾರೆ. ಅಲ್ಲಿಂದ ನಲವತ್ತು ದಿನಗಳ ತಪಸ್ಸಿನ ಕಾಲ, ಶುಕ್ರವಾರಗಳಲ್ಲಿ ಮಾಂಸತ್ಯಾಗ, ಶುಭ ಶುಕ್ರವಾರದ ಶೋಕ, ಪಾಸ್ಖದ ಹರ್ಷ. ಸೆಪ್ಟೆಂಬರ್ ೮ರಂದು ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ತೇರಿಗೆ ಮತಭೇದವಿಲ್ಲದೆ ಜನರು ಸೇರುವುದನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ವಿಭೂತಿ, ಜಪಸರ, ಪರಮಪ್ರಸಾದ, ಗುರು, ಜಗದ್ಗುರು – ಈ ಶಬ್ದಗಳನ್ನು ಕನ್ನಡ ಕಥೋಲಿಕರು ನಮ್ಮೊಡನೆ ಹಂಚಿಕೊಂಡಿದ್ದಾರೆ. ಅರ್ಥವು ಬೇರೆಯಾದರೂ, ಹೊರಗಿನಿಂದ ಬಂದ ಮತವು ಈ ನಾಡಿನ ಮನೆಯ ಮಾತಿನಲ್ಲಿ ಬೇರುಬಿಟ್ಟಿತೆಂಬುದಕ್ಕೆ ಇದೇ ಸಾಕ್ಷಿ.

ಈಗ ಕಾಲವು ಬದಲಾಗಿದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಿತು. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳ ಹೊಲಗಳಲ್ಲಿ ಕಾರ್ಖಾನೆಗಳೂ ಉಗ್ರಾಣಗಳೂ ಎದ್ದಿವೆ. ರಾತ್ರಿಯ ಪಾಳಿಗೆ ಹೋಗುವ ಮಗ, ಬೆಳಗಿನ ಬಸ್ಸಿಗೆ ಓಡುವ ಸೊಸೆ, ಅಂಗೈಯ ಯಂತ್ರದಲ್ಲಿ ಮಗ್ನನಾದ ಮೊಮ್ಮಗ. ಇವರೆಲ್ಲ ಒಂದೆಡೆ ಕೂಡುವ ಗಳಿಗೆಯೇ ದುರ್ಲಭವಾಗಿದೆ. ಈ ಕಷ್ಟವು ಕ್ರೈಸ್ತರ ಮನೆಯಲ್ಲಿಯೂ ಉಂಟು, ನಮ್ಮ ಮನೆಯಲ್ಲಿಯೂ ಉಂಟು. ಅವರ ಸಭೆಯು ಕಾಲವನ್ನರಿತು ಕೆಲವು ಸಡಿಲಿಕೆಗಳನ್ನು ಮಾಡಿತು. ಪರಮಪ್ರಸಾದಕ್ಕೆ ಮುನ್ನ ಹಿಂದೆ ನಡುರಾತ್ರಿಯಿಂದ ಉಪವಾಸವಿರಬೇಕಾಗಿದ್ದಿತು. ೧೯೫೭ರಲ್ಲಿ ಅದನ್ನು ಮೂರು ಗಂಟೆಗೂ, ೧೯೬೪ರಲ್ಲಿ ಒಂದು ಗಂಟೆಗೂ ಇಳಿಸಿದರು. ಭಾನುವಾರದ ಪೂಜೆಯ ವಿಧಿಯನ್ನು ಶನಿವಾರ ಸಂಜೆಯೇ ನೆರವೇರಿಸಲು ಅನುಮತಿಯಿತ್ತರು. ವಿಧಿಯ ಹೊರೆಯನ್ನು ಹಗುರ ಮಾಡಿದರೇ ಹೊರತು ವಿಧಿಯನ್ನೇ ಎತ್ತಿಹಾಕಲಿಲ್ಲವೆಂಬುದನ್ನು ಗಮನಿಸಬೇಕು.

ಮತನಿರಪೇಕ್ಷವಾದ ರಾಜ್ಯವ್ಯವಸ್ಥೆಯೇ ಧರ್ಮದ ಕ್ಷಯಕ್ಕೆ ಕಾರಣವೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು ಪ್ರತಿಯೊಬ್ಬನಿಗೂ ತನ್ನ ಮತವನ್ನಾಚರಿಸುವ ಹಕ್ಕನ್ನು ಕೊಟ್ಟಿದೆ. ನಮಗೆ ಈ ಪಾದ್ರಿಗಳನ್ನು ಕಳುಹಿಸಿದ ಫ್ರಾನ್ಸ್ ದೇಶವು ೧೯೦೫ರಲ್ಲಿ ಮತವನ್ನೂ ರಾಜ್ಯವನ್ನೂ ಕಾನೂನಿನಿಂದ ಬೇರ್ಪಡಿಸಿತು. ಇಂದು ಅಲ್ಲಿ ಭವ್ಯವಾದ ದೇವಾಲಯಗಳಿವೆ, ಪೂಜೆಗೆ ಬರುವವರು ವಿರಳ. ನಮ್ಮ ದೇಶದಲ್ಲಿ ಹುಟ್ಟಿದ ಗುರುಗಳು ಅಲ್ಲಿಗೆ ಹೋಗಿ ಸೇವೆ ಮಾಡುತ್ತಿದ್ದಾರೆ. ಬೀಜ ಕೊಟ್ಟ ಹೊಲವು ಒಣಗಿ, ಬೀಜ ಪಡೆದ ಹೊಲದಿಂದ ಅಲ್ಲಿಗೆ ಧಾನ್ಯವು ಹೋಗುತ್ತಿದೆ. ಇದು ಕೇವಲ ಕಾನೂನಿನ ಫಲವಾಗಿದ್ದರೆ ಇಲ್ಲಿಯೂ ಹಾಗೆಯೇ ಆಗಬೇಕಾಗಿತ್ತು. ರಾಜ್ಯವು ಕೈಬಿಟ್ಟಾಗ ಮತವು ಬಡವಾಗಬಹುದು. ಮನೆಯು ಕೈಬಿಟ್ಟಾಗ ಮಾತ್ರ ಅದು ಸಾಯುತ್ತದೆಂಬುದು ನನ್ನ ತಿಳಿವಳಿಕೆ. ವ್ಯಾಟಿಕನ್ ಮಹಾಸಭೆಯು ೧೯೬೪ರ ತನ್ನ ನಿರ್ಣಯದಲ್ಲಿ ಸಂಸಾರವನ್ನೇ ಗೃಹಸಭೆಯೆಂದು ಕರೆದು, ತಂದೆತಾಯಿಗಳನ್ನು ಮಕ್ಕಳಿಗೆ ಮೊದಲ ಬೋಧಕರನ್ನಾಗಿ ನಿಲ್ಲಿಸಿದುದು ಇದನ್ನರಿತೇ ಇರಬೇಕು.

ಶರಣಬಂಧುಗಳೇ, ಇದರಿಂದ ನಮಗೇನು? ನಮ್ಮ ಮಠಗಳೂ ಅನ್ನದಾಸೋಹವನ್ನು ನಡೆಸುತ್ತಿವೆ, ಉಚಿತ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ನಮ್ಮಲ್ಲಿ ಉಂಡ ಬಾಲಕರು ಸಹಸ್ರಾರು. ನಾನೂ ಮಠದ ಅನ್ನದಿಂದಲೇ ಅಕ್ಷರವನ್ನು ಕಂಡವನು. ಅವರ ಜಾತಿಮತಗಳನ್ನು ಕೇಳದೆ ಬಡಿಸಿದುದು ನಮ್ಮ ಹೆಮ್ಮೆ. ಅದು ಹಾಗೆಯೇ ಇರಲಿ. ಆದರೆ ನಮ್ಮ ಮನೆಗಳಲ್ಲಿಯೇ ಹುಟ್ಟಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನು ಪಡೆದ ಮಕ್ಕಳು ಉದ್ಯೋಗಕ್ಕೆ ಸೇರಿದ ಮೇಲೆ ದಿನಕ್ಕೊಂದು ಗಳಿಗೆಯಾದರೂ ಅದನ್ನು ಕೈಯಲ್ಲಿ ಹಿಡಿಯುವರೆ? ಹಿಡಿಯದಿದ್ದರೆ ಅದಕ್ಕೆ ಕಾರ್ಖಾನೆಯನ್ನು ದೂರುವುದೆ, ಸರಕಾರವನ್ನು ದೂರುವುದೆ? ಗುಡಿಗೆ ಹೋಗಲು ಬಿಡುವಿಲ್ಲವೆನ್ನುವವನಿಗೂ ಎದೆಯ ಮೇಲಿನ ಲಿಂಗವನ್ನು ಪೂಜಿಸಲು ದಾರಿ ನಡೆಯಬೇಕಾಗಿಲ್ಲ. ಇಷ್ಟು ಸುಲಭವಾದ ಸಾಧನವನ್ನು ಪಡೆದ ನಾವು ಅದನ್ನು ಪೆಟ್ಟಿಗೆಯಲ್ಲಿಟ್ಟು ಉತ್ಸವಗಳಿಗೆ ಮಾತ್ರ ತೆಗೆದರೆ, ಮುಂದಿನ ಮಹೋತ್ಸವಕ್ಕೆ ಜನರು ಬಂದಾರು. ಭಕ್ತರು ಬರುವರೆಂದು ಹೇಳಲಾಗದು.

ಆದುದರಿಂದ ನನ್ನ ಬಿನ್ನಹವು ಇಷ್ಟೆ. ಪ್ರತಿಯೊಂದು ಮನೆಯಲ್ಲಿಯೂ ಪಾಳಿಯ ಕೆಲಸಕ್ಕೆ ಹೊಂದಿಕೊಳ್ಳುವ ಒಂದು ಹೊತ್ತನ್ನು ಗೊತ್ತುಮಾಡಿ, ಇದ್ದವರಷ್ಟೇ ಕುಳಿತು, ಕಾಲು ಗಂಟೆಯಾದರೂ ಪೂಜೆಯನ್ನೂ ವಚನಪಠಣವನ್ನೂ ನಡೆಸಿರಿ. ಅರ್ಥವನ್ನು ಬಲ್ಲವರು ಅರ್ಥವನ್ನು ಹೇಳಲಿ. ಅರಿಯದವರು ಹೇಳಿಕೊಳ್ಳುವುದನ್ನು ಬಿಡದಿರಲಿ. ಮಕ್ಕಳ ಪ್ರಶ್ನೆಗಳಿಗೆ ಸಿಟ್ಟಾಗದಿರಿ. ನಿಮ್ಮ ನೆರೆಯಲ್ಲಿ ಜಪಸರವನ್ನು ಹಿಡಿದು ಕುಳಿತ ಮನೆಯಿದ್ದರೆ ಆ ಹೊತ್ತಿನಲ್ಲಿ ಅವರ ಬಾಗಿಲನ್ನು ತಟ್ಟದಿರಿ. ನಿಮ್ಮ ಪೂಜೆಯ ಹೊತ್ತಿನಲ್ಲಿ ಅವರೂ ನಿಮ್ಮ ಬಾಗಿಲನ್ನು ತಟ್ಟರು. ಹಲವು ಮತಗಳಿರುವ ಈ ನಾಡಿನಲ್ಲಿ ಪರಸ್ಪರ ಗೌರವವೆಂಬುದು ಇಂಥ ಸಣ್ಣ ನಡತೆಯಿಂದಲೇ ನೆಲೆಗೊಳ್ಳತಕ್ಕದ್ದು.

 ಶ್ರೀಗುರುವಿನ ಕೃಪೆಯಿಂದ ನಮ್ಮ ಮನೆಗಳ ದೀಪವೂ, ನಮ್ಮ ನೆರೆಯವರ ಮನೆಗಳ ದೀಪವೂ ಆರದಿರಲಿ. ಸರ್ವರಿಗೂ ಮಂಗಳವಾಗಲಿ. ಶರಣು ಶರಣಾರ್ಥಿ.