ಸೋಲಮ್ಮೋ, ಸ್ಲಾಲಮ್ಮೋ?

ಬೇಗಬೇಗ ಹತ್ತು ಸಲ ಹೇಳಿ ನೋಡಿ: ಸೋಲಮ್, ಸ್ಲಾಲಮ್, ಸೋಲಮ್, ಸ್ಲಾಲಮ್... ನಾಲಿಗೆ ತೊಡರಿತೇ? ನನಗಂತೂ ಮೂರನೇ ಸಲಕ್ಕೇ ತೊಡರಿತು. ಇಂಗ್ಲಿಷಿನಲ್ಲಿ ಬರೆದರೂ ಇವು ಅಣ್ಣತಮ್ಮಂದಿರಂತೆಯೇ ಕಾಣುತ್ತವೆ. ಆದರೆ ಒಂದು ಮಣ್ಣಿನ ಮಾತು, ಇನ್ನೊಂದು ಹಿಮದ ಆಟ. ತಮಾಷೆಯೆಂದರೆ ಎರಡೂ ಒಂದೇ ಗುಡ್ಡದಲ್ಲಿ ಸಿಗುತ್ತವೆ. ನಾರ್ವೆ ದೇಶದ ಟೆಲೆಮಾರ್ಕ್ ಸೀಮೆಗೆ ಹೋಗೋಣ ಬನ್ನಿ. ಅಲ್ಲಿ ಮೊರ್ಗೆಡಾಲ್ ಎಂಬ ಊರಿದೆ.

ಈಗ ಚಳಿಗಾಲ, ಗುಡ್ಡದ ತುಂಬ ಹಿಮ. 1825ರಲ್ಲಿ ಹುಟ್ಟಿದ ಸೋಂಡ್ರೆ ನೋರ್ಹೈಮ್ ಈ ಊರಿನವನೇ. ಕಾಲಿಗೆ ಉದ್ದನೆಯ ಮರದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದರಲ್ಲಿ ನಿಸ್ಸೀಮ. ಬರೀ ಕಾಲ್ಬೆರಳಿನ ಕಡೆ ಹಲಗೆ ಸಿಕ್ಕಿಸಿಕೊಂಡರೆ ತಿರುವಿನಲ್ಲಿ ಕಾಲೊಂದು ಕಡೆ, ಹಲಗೆಯೊಂದು ಕಡೆ! ಅವನು ಹಿಮ್ಮಡಿಯನ್ನೂ ಸುತ್ತಿ ಬಿಗಿದ. ಆಗ ಬೇಕಾದ ಕಡೆ ತಿರುಗಲು ಬಂತು. ಆ ಸೀಮೆಯವರ ಮಾತಿನಲ್ಲಿ 'ಸ್ಲಾ' ಎಂದರೆ ಇಳಿಜಾರು, 'ಲೋಮ್' ಎಂದರೆ ಜಾರಿಹೋದ ಜಾಡು. ಎರಡೂ ಸೇರಿ ಸ್ಲಾಲಮ್. ಇಂದಿನ ಪಂದ್ಯದಲ್ಲಿ ಕೆಂಪು, ನೀಲಿ ಕಂಬಗಳ ನಡುವೆ ಹಾವಿನಂತೆ ಬಳುಕುತ್ತ ಇಳಿಯಬೇಕು. ನಮ್ಮ ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಕಂಬಗಳು ಇನ್ನೂ ದೂರದೂರವಿರುವ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು.

ಬೇಸಿಗೆ ಬಂತು, ಹಿಮ ಕರಗಿತು. ಪೈನ್ ಮರದ ಬುಡದಲ್ಲಿ ಗುಂಡಿ ತೋಡೋಣ. ಮೇಲೆ ಕೊಳೆತ ಸೂಜಿಯೆಲೆಗಳ ಕಪ್ಪು. ಅದರ ಕೆಳಗೆ ಬೂದಿ ಚೆಲ್ಲಿದಂಥ ಪದರ. ಯಾರೂ ಬೂದಿ ಹಾಕಿಲ್ಲ! ಸೂಜಿಯೆಲೆಗಳಿಂದ ಇಳಿಯುವ ಹುಳಿ ನೀರು ಮಣ್ಣಿನ ಕಬ್ಬಿಣದ ಅಂಶವನ್ನು ತೊಳೆದು ಕೆಳಗೆ ಒಯ್ದಿದೆ. ಅದಕ್ಕೇ ಮುಂದಿನ ಪದರ ತುಕ್ಕಿನ ಬಣ್ಣ. ಇನ್ನೂ ತೋಡಿದರೆ, ಹಿಂದೆ ಹಿಮನದಿ ಉಜ್ಜಿ ಬಿಟ್ಟುಹೋದ ಕಲ್ಲು, ಮರಳು. ಬೇರು, ಹುಳು, ನೀರು ಎಲ್ಲ ಸೇರಿ ಬದಲಾಯಿಸಿದ ಮೇಲಿನ ಈ ಪದರಗಳಿಗೆ ಒಟ್ಟಾಗಿ ಸೋಲಮ್ ಎಂದು ಹೆಸರು. ಕೆಳಗಿನ ಕಲ್ಲು-ಮರಳು ಅದಕ್ಕೆ ಸೇರುವುದಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೋಲಮ್ ಎಂದರೆ ನೆಲ. ನಮ್ಮ 'ಸೋಲು' ಅಲ್ಲ, ಗಾಬರಿ ಬೇಡ!

ಸ್ಲಾಲಮ್ ಓಟ ಮುಗಿಯಲು ಒಂದು ನಿಮಿಷದ ಆಸುಪಾಸು ಸಾಕು. ಈ ಗುಂಡಿಯ ಪದರಗಳು ಮೂಡಲು ಸಾವಿರಾರು ವರ್ಷ ಹಿಡಿದಿದೆ.

ಸೋಲಮ್ ನೋಡಲು ನಾರ್ವೆಗೇ ಹೋಗಬೇಕಿಲ್ಲ. ರಸ್ತೆಗಾಗಿ ಗುಡ್ಡ ಕಡಿದ ಕಡೆ, ಮಲೆನಾಡಿನವರು 'ದರೆ' ಅನ್ನುತ್ತಾರಲ್ಲ, ಅಲ್ಲಿ ನಿಂತು ನೋಡಿ. ಬೇರುಗಳು ಎಲ್ಲಿಯವರೆಗೆ ಇಳಿದಿವೆ? ಮಣ್ಣಿನ ಬಣ್ಣ ಎಲ್ಲೆಲ್ಲಿ ಬದಲಾಗಿದೆ? ಆದರೆ ಮಳೆಗಾಲದಲ್ಲಿ ಮಾತ್ರ ಹತ್ತಿರ ಹೋಗಬೇಡಿ. ದರೆ ಕುಸಿಯುತ್ತದೆ.