ಪುಸ್ತಕ ಕೊಟ್ಟರು, ಕೂಡ್ರಾಕ ಜಾಗ ಕೊಡಲಿಲ್ಲ

(ಮಸೂತಿಯ ಕೇರಿಯಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನನ್ನು ಕವಿತೆ ಓದು ಅಂತ ಕರೆಸಿದ್ದಾರೆ. ಕವಿತೆ ಆಮೇಲೆ ನೋಡೋಣ. ಇವತ್ತು ಗ್ರಂಥಾಲಯದ ಬಗ್ಗೆ ಮಾತಾಡುತ್ತೇನೆ. ಕೂಲಿ, ಭೂಮಿ, ನೀರು, ಹೆಣ ಹೂಳುವ ಜಾಗ ಇಷ್ಟೆಲ್ಲ ಬಾಕಿ ಇರುವಾಗ ಈ ಹುಡುಗ ಪುಸ್ತಕದ ಅಲಮಾರಿ ಹಿಡಕೊಂಡು ನಿಂತಾನಲ್ಲ ಅಂತ ಹಿರಿಯರಿಗೆ ಅನಿಸಬಹುದು. ಪೂರ್ತಿ ಕೇಳ್ರಿ. ಬಾವಿಗೆ ಇಳಿಯೂದು, ಹೋಟೆಲಿನ್ಯಾಗ ಕೂಡ್ರೂದು ಇವುಗಳ ಸಾಲಿನಲ್ಲೇ ಈ ಮಾತೂ ಐತಿ.

ನಾನು ಓದಲು ಕಲಿತದ್ದು ಅವ್ವನ ತವರೂರಿನಲ್ಲಿ. ಅಪ್ಪ ವರ್ಷದಲ್ಲಿ ಎಂಟು ತಿಂಗಳು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ನಮ್ಮನ್ನು ಕಟ್ಟಿಕೊಂಡು ಆಯಿಯ ಮನೆಯಲ್ಲಿರುತ್ತಿದ್ದಳು. ಆ ಊರಿನ ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಊರಿನವರು ಅದು ನಮ್ಮೂರಲ್ಲ ಬಿಡು ಅಂತ ನಿಶ್ಚಿಂತಿಯಿಂದ ಮಲಗುತ್ತಾರೆ.

ಮನೆಯಲ್ಲಿ ಪುಸ್ತಕ ಇರಲಿಲ್ಲ, ಓದು ಇತ್ತು. ಗೊಬ್ಬರದ ಚೀಲದ ಮೇಲಿನ ಅಕ್ಷರ, ಗೋಡೆಗೆ ಅಂಟಿಸಿದ ಹಳೆ ಪೇಪರು, ಭಜಿ ಕಟ್ಟಿಕೊಟ್ಟ ಹಾಳೆ. ಹಾಳೆ ಎಣ್ಣೆ ಕುಡಿದರೆ ಆ ಕಡೆಯ ಅಕ್ಷರ ಈ ಕಡೆಗೆ ಮೂಡುತ್ತಿತ್ತು. ಮಂತ್ರಿಗಳು ಉದ್ಘಾಟನೆ ಮಾಡಿದ ಸುದ್ದಿಯ ಮೇಲೆಯೇ ಜೋಳದ ಧಾರಣಿ. ಎರಡನ್ನೂ ಕೂಡಿಸಿ ಓದಿ ಆಯಿಯನ್ನು ನಗಿಸುತ್ತಿದ್ದೆ. ಒಂದು ವರ್ಷ ಡಿಸೆಂಬರ್ 6ಕ್ಕೆ ಅಪ್ಪ ತನ್ನ ಜೋಡಿಯ ಕೂಲಿಗಾರರ ಸಂಗಡ ಮುಂಬೈಯ ದಾದರಿಗೆ, ಚೈತ್ಯಭೂಮಿಗೆ ಹೋಗಿ ಬಂದ. ಅಲ್ಲಿ ಆ ದಿನ ರಸ್ತೆಯುದ್ದಕ್ಕೂ ಪುಸ್ತಕದ ಅಂಗಡಿಗಳು. ಅಪ್ಪನಿಗೆ ಓದು ಬಾರದು. ಆದರೂ ಬಾಬಾಸಾಹೇಬರ ಫೋಟೋ ಇದ್ದ ಒಂದು ತೆಳ್ಳನೆಯ ಮರಾಠಿ ಪುಸ್ತಕ ಕೊಂಡು ತಂದಿದ್ದ. ನಾನು ಶಾಲೆಯಲ್ಲಿ ಹಿಂದಿ ಅಕ್ಷರ ಕಲಿತಿದ್ದೆ. ಅದೇ ಬಲದ ಮೇಲೆ ಮರಾಠಿಯನ್ನು ಗಟ್ಟಿಯಾಗಿ ಓದಿದೆ. ಅರ್ಧ ತಿಳಿಯಲಿಲ್ಲ. ಮನೆಯವರೆಲ್ಲ ಸೆರಗು, ಟವೆಲು ಸರಿ ಮಾಡಿಕೊಂಡು ಕೂತು ಕೇಳಿದರು.

ಆ ಊರಿನಲ್ಲಿ ಗ್ರಂಥಾಲಯ ಇತ್ತು. ಗುಡಿಯ ಹಿಂದೆ ಒಂದು ಖೋಲಿ, ಎರಡು ಕಬ್ಬಿಣದ ಅಲಮಾರಿ, ಉದ್ದನೆಯ ಟೇಬಲ್ಲು, ನಾಲ್ಕು ಕುರ್ಚಿ. ಸಂಜೆ ತೆರೆಯುತ್ತಿತ್ತು. ಸರ್ಕಾರದ ಕಾಗದದಲ್ಲಿ ಸಾರ್ವಜನಿಕ ಗ್ರಂಥಾಲಯ, ಜನರ ಬಾಯಲ್ಲಿ ಪೇಪರ ಖೋಲಿ. ನೋಡಿಕೊಳ್ಳುವವರಿಗೆ ಪೇಪರ ಮಾಸ್ತರ ಅನ್ನುತ್ತಿದ್ದರು. ಅವರಿಗೆ ಸಿಗುತ್ತಿದ್ದ ಗೌರವಧನ ಅವರ ಚಹಾಕ್ಕೆ ಸಾಲುತ್ತಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಖೋಲಿಗೆ ಹೋಗಬೇಕಾದರೆ ಗುಡಿಕಟ್ಟೆ ದಾಟಬೇಕು. ಕಟ್ಟೆಯ ಮೇಲೆ ಊರ ಹಿರಿಯರು. ನಮ್ಮ ಓಣಿಯ ಹುಡುಗ ಕಂಡ ಕೂಡಲೇ ಪ್ರಶ್ನೆ ತಯಾರು: “ಯಾರ ಪೈಕಿ ನೀ?” ಯಾವ ಕ್ಲಾಸು ಅಂತ ಒಬ್ಬರೂ ಕೇಳಲಿಲ್ಲ.

ಮೆಂಬರ್ ಆಗಲು ಠೇವಣಿ ಬೇಕು, ಜಾಮೀನು ಬೇಕು ಅಂದರು ಮಾಸ್ತರರು. ಠೇವಣಿಯನ್ನು ಅವ್ವ ಉಳ್ಳಾಗಡ್ಡಿ ಕೀಳುವ ಕೂಲಿಯಲ್ಲಿ ಹೊಂದಿಸಿದಳು. ಜಾಮೀನು? ಗೌಡರ ಸಹಿ ತಗೊಂಡು ಬಾ ಅಂತ ಕಟ್ಟೆಯ ಮೇಲಿನವರೇ ಹೇಳಿದರು. ಆಯಿಗೆ ಇದು ಕಿವಿಗೆ ಬಿತ್ತು.

“ನನ್ನ ಮೊಮ್ಮಗ ಹೊಲಾ ಕೇಳಾಕ ಹೋಗ್ಯಾನೇನ? ಓದಾಕ ಹೋಗ್ಯಾನ. ಅದಕ್ಕ್ಯಾಕ ಗೌಡ್ರ ಸಹಿ?”

ಮರುದಿನ ಟ್ರಂಕು ತೆಗೆದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಮನೆ ಕರದ ಪಾವತಿ ತೆಗೆದುಕೊಂಡು ನನ್ನನ್ನು ಕೈಹಿಡಿದು ಕರೆದೊಯ್ದಳು. ಮಾಸ್ತರರ ಮುಂದೆ ಹಿಡಿದು, ಓದು ಅಂದಳು. ನಾನು ಓದಿದೆ. ಮನೆ ಕರ 50 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ. ಆಮೇಲೆ ಗ್ರಂಥಾಲಯ ಕರ 3 ರೂಪಾಯಿ. ಅದರ ಕೆಳಗೆ ಭಿಕ್ಷುಕರ ಕರ ಒಂದೂವರೆ ರೂಪಾಯಿ.

ಗೆಳೆಯರೆ, ಈ ಸಾಲು ನಿಮ್ಮ ನಿಮ್ಮ ಪಾವತಿಯಲ್ಲೂ ಹುಡುಕ್ರಿ. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಮನೆ ಕರದ ಮೇಲೆ ಗ್ರಂಥಾಲಯಕ್ಕೆಂದು ಬೇರೆ ಕರ ಹಾಕಿದರು, ಅದು ರೂಪಾಯಿಗೆ ಆರು ಪೈಸೆ. ಗುಡಿಸಲಿನವನೂ ಕೊಡುತ್ತಾನೆ, ವಾಡೆಯವನೂ ಕೊಡುತ್ತಾನೆ. ಆ ಖೋಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ ಅರವಟ್ಟಿಗೆ ಅಂತ ತಿಳಿದಿದ್ದೆವು. ನಮ್ಮ ಆಯಿ ಕಟ್ಟಿದ ದುಡ್ಡೂ ಅದರಲ್ಲಿತ್ತು. ಬೇಡುವವರ ಹೆಸರಿನಲ್ಲೂ ಕೊಟ್ಟಿದ್ದಳು, ಓದುವವರ ಹೆಸರಿನಲ್ಲೂ ಕೊಟ್ಟಿದ್ದಳು. ಬೇಡಲು ಬಂದವಳು ಅಂತ ಮಾತ್ರ ಕಟ್ಟೆ ತಿಳಿದಿತ್ತು.

ಮಾಸ್ತರರು ಪಾವತಿ ನೋಡಿದರು, ನಕ್ಕರು, ರಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು. ಒಂದು ಹಳೆ ಚಂದಮಾಮ, ಒಂದು ಪಂಚತಂತ್ರ ಕೈಗೆ ಕೊಟ್ಟರು.

ಪುಸ್ತಕ ಸಿಕ್ಕಿತು. ಕುರ್ಚಿ ಸಿಗಲಿಲ್ಲ.

“ಒಯ್ದು ಮನ್ಯಾಗ ಓದು ತಮ್ಮಾ, ಇಲ್ಲಿ ಗದ್ದಲ ಇರತೈತಿ” ಅಂದರು ಕಟ್ಟೆಯ ಮೇಲಿನವರೊಬ್ಬರು. ದನಿ ಎಷ್ಟು ಮೆತ್ತಗಿತ್ತು ಅಂದರೆ ಸಿಟ್ಟು ಮಾಡಲೂ ಬರದ ಹಾಗಿತ್ತು. ಗದ್ದಲ ಯಾರದು? ಅವರದೇ, ಇಸ್ಪೀಟಿನದು. ನನ್ನ ಕ್ಲಾಸಿನ ಹುಡುಗನೊಬ್ಬ ಒಳಗೆ ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತು ಓದುತ್ತಿದ್ದ. ಅವನಿಗೆ ಗದ್ದಲ ತಾಗುತ್ತಿರಲಿಲ್ಲ. ಒಂದೆರಡು ಸಲ ನಾನೂ ಕೂತೆ. ಕೂತಾಗಲೆಲ್ಲ ಟೇಬಲ್ಲಿನ ಸುತ್ತ ಇದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾಲ್ಕು ಕುರ್ಚಿಯ ಖೋಲಿಯಲ್ಲಿ ಒಬ್ಬನೇ ಕೂತು ಓದುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟ.

ಮನೆಗೆ ಒಯ್ದೆ. ಭಾಗ್ಯಜ್ಯೋತಿಯ ಒಂದೇ ಬಲ್ಬು, ಅದೂ ಒಲೆಯ ಕಡೆ. ಇವತ್ತು ನಿಮ್ಮ ಮಗ್ಗಲಲ್ಲಿ ಕೂಡಗಿ ಸ್ಥಾವರ ನಿಂತಿದೆ, 2400 ಮೆಗಾವಾಟ್ ಅಂತ ಹೇಳುತ್ತಾರೆ, ಕೇರಿಯಲ್ಲಿ ಓದುವ ಹುಡುಗರ ತಲೆಯ ಮೇಲೆ ಅದರಲ್ಲಿ ಎಷ್ಟು ಬಿದ್ದಿದೆ ನೀವೇ ಲೆಕ್ಕ ಹಾಕ್ರಿ. ಆಡು ಹಾಳೆ ತಿಂದರೆ ಠೇವಣಿ ಹೋಗುತ್ತದೆ ಅಂತ ಅವ್ವ ಪುಸ್ತಕವನ್ನು ಟ್ರಂಕಿನಲ್ಲಿ ಪಾವತಿಯ ಜೋಡಿ ಇಡುತ್ತಿದ್ದಳು. ಆದರೂ ಓದಿದೆ, ಅದನ್ನು ದೊಡ್ಡದು ಮಾಡಿ ಹೇಳೋದಿಲ್ಲ.

ಮನೆಗೆ ಒಯ್ಯಲು ಬಾರದ್ದು ಒಂದಿತ್ತು. ಪೇಪರು. ದಿನಪತ್ರಿಕೆಯನ್ನು ಅಲ್ಲೇ ಕೂತು ಓದಬೇಕು, ಅದು ನಿಯಮ. ಹಾಸ್ಟೆಲಿಗೆ ಅರ್ಜಿ, ವಿದ್ಯಾರ್ಥಿ ವೇತನ, ನೌಕರಿಯ ಕರೆ, ನಿಗಮದ ಸಾಲ, ಎಲ್ಲ ಬರುವುದು ಅದರಲ್ಲೇ. ಕೂಡ್ರಾಕ ಆಗದವನಿಗೆ ಅದು ಇಲ್ಲ. ನಮ್ಮ ಕಾಕಾನ ಮಗ ನನಗಿಂತ ಎರಡು ವರ್ಷ ದೊಡ್ಡವ, ಗಣಿತದಲ್ಲಿ ಶಾಲೆಗೇ ಮೊದಲಿಗ. ಹಾಸ್ಟೆಲಿಗೆ ಅರ್ಜಿ ಕರೆದ ಜಾಹೀರಾತು ಅವನಿಗೆ ಸಿಕ್ಕಿದ್ದು ಭಜಿಯ ಹಾಳೆಯಲ್ಲಿ. ಕೊನೆಯ ದಿನಾಂಕ ಮುಗಿದು ಮೂರು ವಾರವಾಗಿತ್ತು. ಆ ವರ್ಷವೇ ನಮ್ಮಪ್ಪನ ಜೋಡಿ ಗೋವಾದ ಬಸ್ಸು ಹತ್ತಿದ. ಈಗ ಮಡಗಾಂವದಲ್ಲಿ ಟೈಲ್ಸ್ ಕೂಡಿಸುತ್ತಾನೆ. ಚೌಕ ಅಳತೆ ಒಂದು ನೂಲೂ ತಪ್ಪುವುದಿಲ್ಲ ಅಂತ ಮಾಲಕರು ಹೊಗಳುತ್ತಾರಂತೆ. ಆ ಖೋಲಿಯಲ್ಲಿ ಒಂದು ಕುರ್ಚಿ ಅವನಿಗೆ ಏನಾಗಿತ್ತು ಅನ್ನೋದನ್ನು ಪುಸ್ತಕ ಮನೆಗೆ ಕೊಟ್ಟೇವಲ್ಲ ಅನ್ನುವವರು ಹೇಳಲಿ.

ಬಾಬಾಸಾಹೇಬರ ಓದಿನ ಕಥೆಯನ್ನು ಬಹಳ ಮಂದಿ ಡಿಗ್ರಿಗಳ ಪಟ್ಟಿ ಮಾಡಿ ಹೇಳುತ್ತಾರೆ. ನಾನು ಅವರು ಎಲ್ಲೆಲ್ಲಿ ಕೂತರು ಅಂತ ನೋಡುತ್ತೇನೆ. ಸಾತಾರೆಯ ಶಾಲೆಯಲ್ಲಿ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ, ಉಳಿದವರಿಂದ ದೂರ. ಮುಂಬೈಯಲ್ಲಿ ಒಂದೇ ಖೋಲಿಯ ಮನೆ, ಆದ್ದರಿಂದ ಶಾಲೆ ಬಿಟ್ಟ ಮೇಲೆ ಚರ್ನಿ ರೋಡಿನ ತೋಟದಲ್ಲಿ ಕೂತು ಓದುತ್ತಿದ್ದರು. ಅಲ್ಲಿ ಕೂತಿದ್ದಕ್ಕೇ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಮಾಸ್ತರರ ಕಣ್ಣಿಗೆ ಬಿದ್ದರು. 1907ರಲ್ಲಿ ಮೆಟ್ರಿಕ್ ಆದಾಗ ಆ ಮಾಸ್ತರರು ತಾವೇ ಬರೆದ ಬುದ್ಧನ ಚರಿತ್ರೆ ಕೊಟ್ಟರು. 1956ರ ನಾಗಪುರದ ದೀಕ್ಷೆಯ ಬೀಜ ತೋಟದ ಆ ಬೆಂಚಿನಲ್ಲೇ ಇತ್ತು ಅಂತ ನನಗೆ ಅನಿಸುತ್ತದೆ. ಆಮೇಲೆ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಓದುಖೋಲಿ, ಬಾಗಿಲು ತೆರೆಯುವುದರಿಂದ ಮುಚ್ಚುವ ತನಕ. ಕೊನೆಗೆ ದಾದರಿನಲ್ಲಿ ಮನೆ ಕಟ್ಟಿದ್ದೂ ಪುಸ್ತಕಕ್ಕೆ ಜಾಗ ಬೇಕು ಅಂತ, ಅದೇ ರಾಜಗೃಹ. 1927ರಲ್ಲಿ ಮಹಾಡಿನ ಚವದಾರ ಕೆರೆಗೆ ನಮ್ಮವರು ಬರೀ ನೀರಡಿಸಿ ಹೋಗಿದ್ದರೇನು? ನಾವೂ ಗ್ರಂಥಾಲಯಕ್ಕೆ ಬರೀ ಪುಸ್ತಕಕ್ಕೆ ಹೋಗುವುದಿಲ್ಲ.

ಕಾನೂನು ಕೇಳುವವರಿಗೆ ಕಾನೂನೂ ಇದೆ. ಮುಂಬೈ ಪ್ರಾಂತದ ಶಾಸನ ಸಭೆಯಲ್ಲಿ 1923ರಲ್ಲಿ ಎಸ್.ಕೆ. ಬೋಳೆ ಅವರ ಠರಾವು ಪಾಸಾಯಿತು. ಸಾರ್ವಜನಿಕ ಹಣದ ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತದಲ್ಲೇ ಇತ್ತು. ಸಂವಿಧಾನದ 15ನೆಯ ವಿಧಿ ಸರ್ಕಾರದ ಹಣದಿಂದ ನಡೆಯುವ, ಜನ ಸೇರುವ ಎಲ್ಲ ಜಾಗಕ್ಕೂ ಅದನ್ನು ಹಬ್ಬಿಸಿತು. ಕಾಗದದಲ್ಲಿ ಬಾಗಿಲು ತೆರೆದು ನೂರು ವರ್ಷ ಆಯಿತು. ಬಾಗಿಲ ಮುಂದಿನ ಕಟ್ಟೆಯನ್ನು ಯಾವ ಠರಾವೂ ಹೆಸರಿಸಲಿಲ್ಲ.

ಇನ್ನು ಅಲಮಾರಿಯ ಒಳಗಿನ ಸಂಗತಿ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದಾಗ ಊರಿಗೆ ಊರೇ ಉರಿದೆದ್ದಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ನಾನು ಆ ಎರಡು ಅಲಮಾರಿ ಪೂರಾ ತಡಕಿದವನು. ರಾಜರಿದ್ದರು, ಜಮೀನುದಾರರಿದ್ದರು, ಮಾತಾಡುವ ನರಿ ಇತ್ತು. ನಮ್ಮವರು ಎಲ್ಲೋ ಒಂದು ಕಡೆ ದನ ಹೊಡಕೊಂಡು ಹೋಗುತ್ತಿದ್ದರು, ಹಿಂದಿರುಗಿ ನೋಡುತ್ತಿರಲಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಅಚ್ಚಾದದ್ದು 1994ರಲ್ಲಿ. ಮಾಲಗತ್ತಿಯವರು ಮುದ್ದೇಬಿಹಾಳದವರು, ನಮ್ಮ ಬಾಗೇವಾಡಿ ಸೀಮೆಗೆ ಹೊಂದಿಕೊಂಡ ತಾಲೂಕು. ಅದು ನನ್ನ ಕೈಗೆ ಬಂದದ್ದು ಬಿ.ಎ. ಓದಲು ಪೇಟೆಗೆ ಹೋದ ಮೇಲೆ, ಗೆಳೆಯನೊಬ್ಬನ ಚೀಲದಿಂದ. ಪಕ್ಕದ ತಾಲೂಕಿನವರ ಪುಸ್ತಕ ನನ್ನ ಹತ್ತಿರ ಬರಲು ನಾನು ಹದಿನೆಂಟು ವರ್ಷದವನಾಗಬೇಕಾಯಿತು. ಒಂದೇ ರಾತ್ರಿಯಲ್ಲಿ ಮುಗಿಸಿ, ಬೆಳಿಗ್ಗೆ ಇನ್ನೊಮ್ಮೆ ಮೊದಲಿನಿಂದ ಹಿಡಿದೆ.

ಕಾಲ ಬದಲಾಗಿಲ್ಲ ಅಂತ ಸುಳ್ಳು ಹೇಳುವುದಿಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಅಂತ ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಹೆಸರು ಅರಿವು ಕೇಂದ್ರ. ಕೆಲವು ಕಡೆ ಕಂಪ್ಯೂಟರು ಬಂದಿವೆ, ಗೋಡೆಗೆ ಚಂದನೆಯ ಚಿತ್ರ ಬಂದಿವೆ. ಒಳ್ಳೆಯದು. ಠೇವಣಿ ಹೋಯಿತು, ಗೌಡರ ಸಹಿ ಹೋಯಿತು. ಖೋಲಿ ಎಲ್ಲಿದೆ, ಎಷ್ಟೊತ್ತಿಗೆ ತೆರೆಯುತ್ತದೆ, ಒಳಗೆ ಯಾರು ಕೂತಿದ್ದಾರೆ? ಇದನ್ನು ಬೆಂಗಳೂರಿನವರು ಬಂದು ನೋಡುವುದಿಲ್ಲ, ನಾವೇ ನೋಡಬೇಕು.

ಅದಕ್ಕೆ ಒಂದು ಅರ್ಜಿ ಬರೆದುಕೊಂಡು ಬಂದಿದ್ದೇನೆ. ಯಾವ ಊರಿನವರು ಬೇಕಾದರೂ ತಮ್ಮ ಪಂಚಾಯಿತಿಯ ಹೆಸರು ತುಂಬಿ ಗ್ರಾಮಸಭೆಯಲ್ಲಿ ಕೊಡಬಹುದು. ಗ್ರಂಥಾಲಯ ಗುಡಿಯ ಆವರಣದಲ್ಲಿದ್ದರೆ ಎಲ್ಲ ಓಣಿಯವರೂ ಯಾರನ್ನೂ ದಾಟದೆ ಬರುವ ಜಾಗಕ್ಕೆ ತರಬೇಕು. ಉಳ್ಳಾಗಡ್ಡಿ, ಹತ್ತಿ, ದ್ರಾಕ್ಷಿ ಅಂತ ಕೂಲಿಗೆ ಹೋದ ಮಕ್ಕಳು ಮನೆಗೆ ಬರುವುದೇ ದೀಪ ಹಚ್ಚುವ ಹೊತ್ತಿಗೆ, ಆದ್ದರಿಂದ ರಾತ್ರಿ ಒಂಬತ್ತರ ತನಕ ಬಾಗಿಲು ತೆರೆದಿರಬೇಕು, ಅದಕ್ಕೆ ತಕ್ಕ ಸಂಬಳ ಅಲ್ಲಿ ಕೂಡುವವರಿಗೆ ಕೊಡಬೇಕು. ದಲಿತರು ಬರೆದ ಪುಸ್ತಕ ಕೊಳ್ಳಬೇಕು, ಪಟ್ಟಿ ಹಿಂದೆ ಅಂಟಿಸಿದ್ದೇನೆ. ಹಾಸ್ಟೆಲಿನ, ವಿದ್ಯಾರ್ಥಿ ವೇತನದ ಜಾಹೀರಾತು ಬಂದ ದಿನವೇ ಕತ್ತರಿಸಿ ಕೇರಿಯ ಸಮುದಾಯ ಭವನದ ಗೋಡೆಗೆ ಹಚ್ಚಬೇಕು.

ನನ್ನ ತಂಗಿ ಅರ್ಜಿ ಪೂರಾ ಓದಿ ಹೇಳುತ್ತಾಳೆ. ಕೇಳಿ, ಒಪ್ಪಿಗೆ ಆದರೆ ಸಹಿ ಮಾಡ್ರಿ. ಸಹಿ ಬರದವರು ಹೆಬ್ಬೆಟ್ಟು ಒತ್ತಬಹುದು, ಇಂಕ್ ಪ್ಯಾಡ್ ಮೇಜಿನ ಮೇಲೆ ಐತಿ. ಮುಂದೆ ಬರ್ರಿ, ಇಲ್ಲಿ ಕುರ್ಚಿ ಖಾಲಿ ಅದಾವ.