ಹನಿಪಾಟ್‌ ದಾಖಲೆ: ಇಡುವುದೆಷ್ಟು, ಬಿಡುವುದೆಷ್ಟು

1. ಬೆಳವಣಿಗೆಯ ಸ್ವಭಾವ

ದಾಳಿಕೋರರನ್ನು ಸೆಳೆಯಲೆಂದೇ ಅಂತರಜಾಲಕ್ಕೆ ತೆರೆದಿಟ್ಟ ಹುಸಿ ಕಂಪ್ಯೂಟರಿಗೆ ಹನಿಪಾಟ್ ಎಂದು ಹೆಸರು. ಅಲ್ಲಿ ಯಾರಿಗೂ ನಿಜವಾದ ಕೆಲಸವಿರುವುದಿಲ್ಲ. ಹಾಗಾಗಿ ಅದರ ಬಾಗಿಲು ತಟ್ಟಿದ ಪ್ರತಿ ಸಂಪರ್ಕವೂ ಸಂಶಯಕ್ಕೆ ಒಳಗಾಗುತ್ತದೆ, ದಾಖಲೆಗೂ ಸೇರುತ್ತದೆ. ಈ ಗುಣದಿಂದ ಹನಿಪಾಟ್‌ಗೆ ಬಲ ಬರುತ್ತದೆ. ಸಂಗ್ರಹದ ಹೊರೆಯೂ ಇದರಿಂದಲೇ ಹುಟ್ಟುತ್ತದೆ. ಬ್ಯಾಂಕಿನ ಡೇಟಾಬೇಸ್ ಗ್ರಾಹಕರು ಹೆಚ್ಚಿದಂತೆ ಬೆಳೆಯುವುದರಿಂದ ಅದರ ಗಾತ್ರವನ್ನು ಮುಂದಾಗಿ ಅಂದಾಜು ಮಾಡಬಹುದು. ಹನಿಪಾಟ್‌ನ ಡೇಟಾಬೇಸಿಗೆ ಎಷ್ಟು ತುಂಬಬೇಕೆಂದು ತೀರ್ಮಾನಿಸುವವರು ದಾಳಿಕೋರರು. ಯಾವುದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ನಿರ್ಧಾರವಷ್ಟೇ ವ್ಯವಸ್ಥೆಯನ್ನು ನಡೆಸುವವರ ಕೈಯಲ್ಲಿದೆ. ಯಂತ್ರಾಂಶದ ಲೆಕ್ಕ ಆ ನಿರ್ಧಾರದ ನಂತರದ್ದು.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕ್ಲಿಫರ್ಡ್ ಸ್ಟಾಲ್, ಲೆಕ್ಕದಲ್ಲಿ ಬಂದ 75 ಸೆಂಟಿನ ವ್ಯತ್ಯಾಸದ ಜಾಡು ಹಿಡಿದು ಒಬ್ಬ ನುಸುಳುಕೋರನನ್ನು ಪತ್ತೆಹಚ್ಚಿದರು. ಒಳಬರುವ ಲೈನುಗಳಿಗೆ ಪ್ರಿಂಟರುಗಳನ್ನು ಜೋಡಿಸಿ ಆತ ಟೈಪು ಮಾಡಿದ್ದನ್ನೆಲ್ಲ ಕಾಗದಕ್ಕಿಳಿಸಿದರು. ಒಬ್ಬನ ಓಡಾಟಕ್ಕೆ ಅಷ್ಟು ಸಾಕಾಯಿತು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಕಾಲಕ್ಕೆ ಚಿತ್ರವೇ ಬದಲಾಗಿತ್ತು. ಅದರ ವಶವಾಗಿದ್ದ ಕ್ಯಾಮೆರಾ, ರೌಟರುಗಳಂಥ ಲಕ್ಷಾಂತರ ಸಾಧನಗಳು 23 ಮತ್ತು 2323ನೇ ಪೋರ್ಟುಗಳಲ್ಲಿ ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಎಡೆಬಿಡದೆ ಪ್ರಯೋಗಿಸುತ್ತಿದ್ದವು. ನಡೆಸುವವರು ಏನನ್ನೂ ಬದಲಿಸದಿದ್ದರೂ ದಾಖಲೆ ಉಕ್ಕತೊಡಗಿತು.

2. ಅಂದಾಜಿನ ಲೆಕ್ಕ

ಹತ್ತು ಹನಿಪಾಟ್‌ಗಳು ತಲಾ ಸೆಕೆಂಡಿಗೊಂದು ಘಟನೆ ಕಳಿಸುತ್ತವೆ, ಪ್ರತಿ ಘಟನೆ ಒಂದು ಕಿಲೋಬೈಟು ಎಂದಿಟ್ಟುಕೊಂಡರೆ, ದಿನಕ್ಕೆ 8,64,000 ದಾಖಲೆಗಳು, ಅಂದರೆ ಹತ್ತಿರಹತ್ತಿರ 860 ಎಂಬಿ. ತಿಂಗಳಿಗೆ 26 ಜಿಬಿ, ವರ್ಷಕ್ಕೆ 315 ಜಿಬಿ ಆಗುತ್ತದೆ. ಹುಡುಕಾಟಕ್ಕೆ ಬೇಕಾದ ಇಂಡೆಕ್ಸುಗಳು, ನಕಲು ಪ್ರತಿಗಳು ಇದರ ಮೇಲೆ.

ನಕಲಿಗೆ ಒಳ್ಳೆಯ ಉದಾಹರಣೆ 2014ರಲ್ಲಿ ಥ್ರೆಟ್‌ಸ್ಟ್ರೀಮ್ ಕಂಪನಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಮಾಡರ್ನ್ ಹನಿ ನೆಟ್‌ವರ್ಕ್. ಅದರಲ್ಲಿ ಹನಿಪಾಟ್‌ಗಳ ವರದಿಗಳನ್ನು ಎಚ್‌ಪಿಫೀಡ್ಸ್ ಸಾಗಿಸುತ್ತದೆ. ನೆಮೊಸಿನಿ ಎಂಬ ಭಾಗ ಅವುಗಳನ್ನು ಒಂದೇ ಅಚ್ಚಿಗೆ ತಂದು ಮಾಂಗೊಡಿಬಿ ಎಂಬ ಡೇಟಾಬೇಸಿನಲ್ಲಿ ಇಡುತ್ತದೆ. ಬಂದ ವರದಿ ಬಂದ ಹಾಗೆಯೇ ಒಂದು ಸಂಗ್ರಹದಲ್ಲಿ, ಅಚ್ಚುಕಟ್ಟಾದ ರೂಪ ಇನ್ನೊಂದರಲ್ಲಿ ಉಳಿಯುತ್ತದೆ. ಒಂದೇ ಘಟನೆ ಎರಡು ಕಡೆ ಜಾಗ ಹಿಡಿಯುವುದರಿಂದ, ಮೊದಲು ಕತ್ತರಿ ಹಾಕಬೇಕಾದದ್ದು ಕಚ್ಚಾ ಸಂಗ್ರಹಕ್ಕೆ.

3. ದಿನದ ಮಿತಿ, ಗಾತ್ರದ ಮಿತಿ

ಹಳತನ್ನು ಕಳೆಯಲು ಮಾಂಗೊಡಿಬಿಯಲ್ಲಿ ಎರಡು ದಾರಿಗಳಿವೆ. ಟಿಟಿಎಲ್ ಇಂಡೆಕ್ಸ್ ಹಾಕಿದರೆ ಅವಧಿ ಮೀರಿದ ದಾಖಲೆಗಳನ್ನು ನಿಮಿಷಕ್ಕೊಮ್ಮೆ ಏಳುವ ಹಿನ್ನೆಲೆ ಕೆಲಸ ಅಳಿಸುತ್ತದೆ. ಕ್ಯಾಪ್ಡ್ ಸಂಗ್ರಹದ ಗಾತ್ರವಾದರೋ ಮೊದಲೇ ನಿಗದಿ. ಅದು ತುಂಬಿದಾಗ ಅತಿ ಹಳೆಯ ದಾಖಲೆಯ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ದಾಳಿಯ ಅಲೆ ಎದ್ದಾಗ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಟಿಟಿಎಲ್‌ನಲ್ಲಿ ದಿನಗಳ ಲೆಕ್ಕ ತಪ್ಪುವುದಿಲ್ಲ, ಡಿಸ್ಕ್ ಉಬ್ಬುತ್ತದೆ. ಕ್ಯಾಪ್ಡ್‌ನಲ್ಲಿ ಡಿಸ್ಕ್ ಸುರಕ್ಷಿತ, ಮೂವತ್ತು ದಿನದ ಚರಿತ್ರೆ ಮೂರು ದಿನಕ್ಕೆ ಇಳಿಯಬಹುದು. ಅಂಕಿಅಂಶಕ್ಕೆ ಬಳಸುವ ಅಚ್ಚುಕಟ್ಟಾದ ದಾಖಲೆಗೆ ಮೊದಲನೆಯದೂ, ಕಚ್ಚಾ ವರದಿಗೆ ಎರಡನೆಯದೂ ಹೊಂದುತ್ತವೆ.

ದಾಖಲೆ ಅಳಿಸಿದ ಮಾತ್ರಕ್ಕೆ ಡಿಸ್ಕಿನಲ್ಲಿ ಜಾಗ ಮರಳಿ ಕಾಣುವುದಿಲ್ಲ. ತೆರವಾದ ಸ್ಥಳವನ್ನು ಡೇಟಾಬೇಸ್ ತನ್ನ ಮುಂದಿನ ದಾಖಲೆಗಳಿಗೆ ಕಾದಿರಿಸಿಕೊಳ್ಳುತ್ತದೆ. ಅದನ್ನು ಬಿಡಿಸಿಕೊಳ್ಳಲು ಕಾಂಪ್ಯಾಕ್ಟ್ ಆದೇಶ ನಡೆಸಬೇಕು. ಆದ್ದರಿಂದ ಅಳಿಸುವ ಕೆಲಸ ಡಿಸ್ಕ್ ತುಂಬುವ ಮೊದಲೇ ದಿನಚರಿಯಾಗಿರಬೇಕು.

ಡಾಯ್ಚ ಟೆಲಿಕಾಂನ ಟಿ-ಪಾಟ್ ಎಂಬ ಹನಿಪಾಟ್ ವ್ಯವಸ್ಥೆ ದಾಖಲೆ ಇಡಲು ಎಲಾಸ್ಟಿಕ್‌ಸರ್ಚ್ ಬಳಸುತ್ತದೆ. ಅಲ್ಲಿ ದಿನಕ್ಕೊಂದು ಇಂಡೆಕ್ಸ್ ಇದ್ದರೆ ಹಳೆಯ ದಿನವನ್ನು ಇಡಿಯಾಗಿ ಕಿತ್ತುಹಾಕಬಹುದು. ಬಿಡಿಬಿಡಿ ದಾಖಲೆಗಳನ್ನು ಹುಡುಕಿ ಅಳಿಸುವುದಕ್ಕಿಂತ ಇದು ಬಹಳ ಹಗುರ. ಡಿಸ್ಕ್ ಬಳಕೆ ಶೇಕಡಾ 95 ದಾಟಿದರೆ ಎಲಾಸ್ಟಿಕ್‌ಸರ್ಚ್ ತಾನಾಗಿಯೇ ಬರವಣಿಗೆಯನ್ನು ತಡೆಯುತ್ತದೆ. ದಾಳಿ ಬಿರುಸಾದ ಹೊತ್ತಿನಲ್ಲೇ ದಾಖಲೆ ನಿಲ್ಲುವ ಅಪಾಯ ಇದರಲ್ಲಿದೆ.

4. ಕಾಳು ಮತ್ತು ಜೊಳ್ಳು

ಅಳಿಸುವ ಮುನ್ನ ಸಾರ ತೆಗೆದಿಡಬೇಕು. ಯಾವ ಪೋರ್ಟಿಗೆ, ಯಾವ ವಿಳಾಸದಿಂದ, ಎಷ್ಟು ಯತ್ನಗಳು ಎಂಬ ದಿನದ ಎಣಿಕೆಗೆ ಕೆಲವು ಸಾವಿರ ಸಾಲು ಸಾಕಾಗಬಹುದು; ಅದನ್ನು ವರ್ಷಗಟ್ಟಲೆ ಇಡಬಹುದು. ಸಿಕ್ಕಿಬಿದ್ದ ದುಷ್ಟ ತಂತ್ರಾಂಶದ ಕಡತಗಳನ್ನು ಡೇಟಾಬೇಸಿನ ಹೊರಗೆ, ಅವುಗಳ ಹ್ಯಾಷ್ ಮೌಲ್ಯವನ್ನೇ ಹೆಸರಾಗಿಟ್ಟು ಉಳಿಸುವುದು ವಾಡಿಕೆ. ಡಯೋನಿಯ ಮತ್ತು ಕೌರಿ ಎಂಬ ಹನಿಪಾಟ್‌ಗಳು ಎರಡೂ ಹೀಗೆಯೇ ಮಾಡುತ್ತವೆ. ಒಂದೇ ಮಾದರಿ ಸಾವಿರ ಸಲ ಬಂದರೂ ಕಡತ ಒಂದೇ.

5. ಯಂತ್ರಾಂಶ

ಮೊದಲ ಗಮನ ರ‍್ಯಾಮ್‌ಗೆ ಸಲ್ಲಬೇಕು. ಪದೇಪದೇ ಬಳಕೆಯಾಗುವ ಇಂಡೆಕ್ಸ್ ನೆನಪಿನಲ್ಲಿ ಹಿಡಿಯದಿದ್ದರೆ ಪ್ರತಿ ಹುಡುಕಾಟವೂ ಡಿಸ್ಕಿಗೆ ಓಡುತ್ತದೆ. ಮಾಂಗೊಡಿಬಿಯ ವೈರ್ಡ್‌ಟೈಗರ್ ಎಂಜಿನ್, ಒಟ್ಟು ರ‍್ಯಾಮ್‌ನಲ್ಲಿ ಒಂದು ಜಿಬಿ ಕಳೆದು ಉಳಿದದ್ದರ ಅರ್ಧವನ್ನು ತನ್ನ ಕ್ಯಾಷೆಗೆ ತೆಗೆದುಕೊಳ್ಳುತ್ತದೆ: 4 ಜಿಬಿ ಯಂತ್ರದಲ್ಲಿ ಒಂದೂವರೆ, 16ರಲ್ಲಿ ಏಳೂವರೆ. ಅದೇ ಯಂತ್ರದಲ್ಲಿ ಬೇರೆ ಸೇವೆಗಳೂ ಇದ್ದರೆ ಈ ಪಾಲಿಗೆ ಮಿತಿ ಹಾಕಬೇಕು. ಎರಡನೆಯದು ಡಿಸ್ಕ್. ಸಣ್ಣಸಣ್ಣ ಬರಹಗಳು ಬಿಡುವಿಲ್ಲದೆ ಬೀಳುವುದರಿಂದ ಎಸ್‌ಎಸ್‌ಡಿಯೇ ಲೇಸು. ಡೇಟಾಬೇಸಿಗೆ ಪ್ರತ್ಯೇಕ ಪಾರ್ಟಿಷನ್ ಇದ್ದರೆ ಅದು ತುಂಬಿದಾಗಲೂ ಇಡೀ ವ್ಯವಸ್ಥೆ ಕುಸಿಯುವುದಿಲ್ಲ. ಪ್ರೊಸೆಸರ್ ಮೂರನೆಯದು. ಕೌರಿಯಂಥ ಹಗುರವಾದ ಹನಿಪಾಟ್‌ಗಳು ಸಣ್ಣ ಯಂತ್ರದಲ್ಲೂ ನಡೆಯುವುದರಿಂದ ಹಣವನ್ನು ಸಂಗ್ರಹ ಸರ್ವರಿಗೆ ಹಾಕುವುದೇ ಸರಿ.

6. ಅವಧಿ

ಭಾರತದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಅದಕ್ಕೆ ಒಳಪಡುವ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಕಾಪಾಡಬೇಕು. ಮೇಲಿನ ಲೆಕ್ಕದಲ್ಲಿ ಇದು ಸುಮಾರು 155 ಜಿಬಿ. ಇಷ್ಟನ್ನೂ ಡೇಟಾಬೇಸಿನಲ್ಲೇ ಇಡಬೇಕಾಗಿಲ್ಲ. ಒಂದೇ ಪದಗಳು ಮರುಕಳಿಸುವ ಲಾಗು ಕಡತಗಳು ಒತ್ತಿದಾಗ ಹಲವು ಪಟ್ಟು ಕುಗ್ಗುತ್ತವೆ. ಇತ್ತೀಚಿನ ಮೂವತ್ತು ದಿನ ಡೇಟಾಬೇಸಿನಲ್ಲಿ, ನೂರೆಂಬತ್ತು ದಿನ ಒತ್ತಿದ ಕಡತಗಳಲ್ಲಿ, ದಿನದ ಎಣಿಕೆ ಶಾಶ್ವತವಾಗಿ: ಈ ಮೂರು ಅವಧಿ ಗೊತ್ತಾದ ಮೇಲೆ ಕೊಳ್ಳಬೇಕಾದ ಡಿಸ್ಕ್ ಮತ್ತು ರ‍್ಯಾಮ್ ಎಷ್ಟೆಂಬುದು ಗುಣಾಕಾರದಲ್ಲಿ ಸಿಗುತ್ತದೆ.